ಮೂರು ಬೋಲ್ಟಿನ ಲೆಕ್ಕ

ಬೋಲ್ಟು, ನಟ್ಟು, ಕಬ್ಬಿಣದ ಪ್ಲೇಟು, ಇವುಗಳ ಸುದ್ದಿ ಇಂಥ ಪತ್ರಿಕೆಗೆ ಯಾಕಪ್ಪಾ ಅಂತ ಕೆಲವರು ಕೇಳಬಹುದು. ಬಸ್ ನಿಲ್ದಾಣದ ಚಾವಣಿ, ಸಂತೆಮಾಳದ ಗೋದಾಮು, ರೈಲ್ವೆ ಹಳಿ ದಾಟುವ ಕಾಲುಸೇತುವೆ, ನಮ್ಮ ಹೆಣ್ಣುಮಕ್ಕಳು ಹೊಲಿಗೆ ಹಾಕುವ ಗಾರ್ಮೆಂಟ್ಸ್ ಶೆಡ್ಡು, ಇವೆಲ್ಲ ಈ ಬೋಲ್ಟುಗಳನ್ನು ನಂಬಿ ನಿಂತಿವೆ. ಅವನ್ನು ಎತ್ತಿ ನಿಲ್ಲಿಸುವವರು ನಮ್ಮವರು. ಬಿದ್ದರೆ ಅಡಿಗೆ ಸಿಗುವವರೂ ನಮ್ಮವರೇ. ಆದರೆ ನಿಲ್ಲುತ್ತದೋ ಬೀಳುತ್ತದೋ ಎಂಬ ಲೆಕ್ಕ ಮಾತ್ರ ತಂಪು ಕೋಣೆಯೊಳಗೆ, ಇಂಗ್ಲಿಷಿನಲ್ಲಿ, ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಆ ಕೋಣೆಯಲ್ಲಿ ಕೂತು ಅನ್ನ ಸಂಪಾದಿಸುತ್ತಿರುವವನು ನಾನು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಬೆಂಗಳೂರಿಗೆ ಬಂದವನು. ಅಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನಮ್ಮ ಭಾಷೆಯಲ್ಲಿ ಹೇಳುವುದು ನನ್ನ ಮೇಲಿನ ಸಾಲ ಅಂತ ತಿಳಿದಿದ್ದೇನೆ.

ಎತ್ತಿನ ಗಾಡಿ ಕಂಡವರಿಗೆ ಒಂದು ಮಾತನ್ನು ವಿವರಿಸಬೇಕಾಗಿಲ್ಲ. ಗಾಲಿ ಗಟ್ಟಿ ಇರುತ್ತದೆ, ಅಚ್ಚು ಗಟ್ಟಿ ಇರುತ್ತದೆ, ಬೆರಳುದ್ದದ ಕಡಾಣಿ ಬಿದ್ದುಹೋಗುತ್ತದೆ. ಗಾಲಿ ಕಳಚಿ ಗಾಡಿ ದಾರಿಯಲ್ಲೇ ಮಲಗುತ್ತದೆ. ಕಬ್ಬಿಣದ ಕಟ್ಟಡವೂ ಹೀಗೆ. ಎಷ್ಟು ದಪ್ಪದ ಕಂಬ, ಎಷ್ಟು ಎತ್ತರದ ತೊಲೆ ಎಂದು ಎಲ್ಲರೂ ಕೇಳುತ್ತಾರೆ. ತೊಲೆ ಹೊತ್ತ ಭಾರ ಕಂಬಕ್ಕೆ ದಾಟುವುದು ಎಲ್ಲಿ? ಅಂಗೈ ಅಗಲದ ಒಂದು ಪ್ಲೇಟಿನಲ್ಲಿ, ಮೂರು ನಾಲ್ಕು ಬೋಲ್ಟುಗಳಲ್ಲಿ, ಒಂದು ಗೆರೆ ವೆಲ್ಡಿಂಗಿನಲ್ಲಿ. ಈ ಜಾಗಕ್ಕೆ ಜೋಡಣೆ ಅನ್ನುತ್ತೇವೆ. ನನ್ನ ಕೆಲಸ ಜೋಡಣೆಗಳ ಲೆಕ್ಕ ನೋಡುವುದು.

ಈಗ ಈ ಲೆಕ್ಕವನ್ನು ಸಾಫ್ಟ್‌ವೇರ್ ಮಾಡುತ್ತದೆ. ಕಟ್ಟಡವನ್ನು ಕಡ್ಡಿಗಳ ಹಾಗೆ ಗೆರೆ ಎಳೆದು ತೋರಿಸಬೇಕು. ಮೇಲೆ ಬೀಳುವ ಭಾರ, ಗಾಳಿ, ಭೂಕಂಪ ಎಲ್ಲ ಹೇಳಬೇಕು. ಅದು ಪ್ರತಿ ಜೋಡಣೆಗೆ ಬರುವ ಬಲ ಎಷ್ಟು, ಆ ಜೋಡಣೆ ತಡೆಯಬಲ್ಲದ್ದು ಎಷ್ಟು ಎಂದು ನೋಡಿ ಒಂದನ್ನು ಇನ್ನೊಂದರಿಂದ ಭಾಗಿಸುತ್ತದೆ. ಉತ್ತರ ಒಂದಕ್ಕಿಂತ ಕಡಿಮೆ ಬಂದರೆ ಹಸಿರು. ಒಂದನ್ನು ದಾಟಿದರೆ ಕೆಂಪು. ಇಷ್ಟೇ. ಕೆಂಪು ಬಂದ ಮೇಲೆ ಮನುಷ್ಯ ಏನು ಮಾಡುತ್ತಾನೆ ಅನ್ನುವುದೇ ಈ ಬರಹ.

*

ಊರಾಚೆ ಒಂದು ಗೋದಾಮು. ಅದರೊಳಗೆ ಸಾಮಾನು ಇಡಲು ಕಬ್ಬಿಣದ ಅಟ್ಟ. ತೊಲೆಗಳು 300 ಮಿಲಿಮೀಟರ್ ಎತ್ತರದವು. ಒಂದೊಂದು ತುದಿಗೂ 120 ಕಿಲೋನ್ಯೂಟನ್ ಭಾರ. ಹತ್ತು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಟನ್ನು ಅಂತ ಇಟ್ಟುಕೊಳ್ಳಿ, ಹನ್ನೆರಡು ಟನ್ನು ಆಯಿತು. ಕಂಬಕ್ಕೆ ಒಂದು ಪ್ಲೇಟನ್ನು ನಿಲುವಾಗಿ ವೆಲ್ಡ್ ಮಾಡಿ, ತೊಲೆಯ ನಡುಪಟ್ಟಿಯನ್ನು ಅದಕ್ಕೆ ತಾಗಿಸಿ, ಒಂದರ ಕೆಳಗೊಂದು ಮೂರು ಬೋಲ್ಟು ಬಿಗಿಯುವುದು. ಬೋಲ್ಟು 20 ಮಿ.ಮೀ. ದಪ್ಪ, 4.6 ದರ್ಜೆಯದು.

ಸಾಫ್ಟ್‌ವೇರ್ ಕೆಂಪು ತೋರಿಸಿತು. 1.59.

ನನ್ನ ಜೊತೆ ಆಗ ತಾನೇ ಸೇರಿದ್ದ ಹುಡುಗ, ಚುರುಕಾದವನು, ತಕ್ಷಣ ಕ್ಯಾಲ್ಕುಲೇಟರ್ ಹಿಡಿದ. ನಮ್ಮ ದೇಶದ ಉಕ್ಕಿನ ಕೋಡು ಐ.ಎಸ್. 800, 2007ರ ಆವೃತ್ತಿ. ಅದರ ಪ್ರಕಾರ ಇಂಥ ಒಂದು ಬೋಲ್ಟು ಅಡ್ಡ ಕತ್ತರಿಸುವ ಬಲವನ್ನು ಸುಮಾರು 45 ಕಿಲೋನ್ಯೂಟನ್‌ವರೆಗೆ ತಡೆಯುತ್ತದೆ. “ಮೂರು ಬೋಲ್ಟಿಗೆ 135 ಆಯ್ತಲ್ಲಣ್ಣ. ಬರೋದು 120. ಮತ್ಯಾಕೆ ಕೆಂಪು? ಸಾಫ್ಟ್‌ವೇರ್ ತಪ್ಪು ಹೇಳ್ತಿದೆ” ಅಂದ.

ತಪ್ಪು ಹೇಳುತ್ತಿರಲಿಲ್ಲ. ಅವನಿಗೆ ನಾನು ನೀರಿನ ಕೊಡದ ಉದಾಹರಣೆ ಕೊಟ್ಟೆ. ತುಂಬಿದ ಕೊಡ ಸೊಂಟದ ಮೇಲಿದ್ದರೆ ನಮ್ಮ ಅವ್ವಂದಿರು ಅರ್ಧ ಮೈಲಿ ನಡೆಯುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿ ಅಂದರೆ ಪೈಲ್ವಾನನ ಕೈಲೂ ಆಗುವುದಿಲ್ಲ. ಭಾರ ಅಷ್ಟೇ, ದೂರ ಬೇರೆ. ಇಲ್ಲಿ ತೊಲೆಯ ತುದಿ ಕಂಬಕ್ಕೆ ಉಜ್ಜದ ಹಾಗೆ 20 ಮಿ.ಮೀ. ಸಂದು ಬಿಡಬೇಕು. ತುದಿಯಿಂದ ಬೋಲ್ಟಿನ ತೂತಿಗೆ 40 ಮಿ.ಮೀ. ಅಂಚು ಬಿಡಬೇಕು. ಒಟ್ಟು 60. ಮೂರು ನಾಲ್ಕು ಬೆರಳಿನಗಲ. ಈ ಬೆರಳಿನಗಲದ ದೂರ ಆ ಮೂರು ಬೋಲ್ಟನ್ನು ತಿರುಚುತ್ತದೆ.

ಎಷ್ಟು ತಿರುಚುತ್ತದೆ? 120ನ್ನು 60ರಿಂದ ಗುಣಿಸಿದರೆ 7200. ನಡುವಿನ ಬೋಲ್ಟು ಇದಕ್ಕೆ ಏನೂ ಮಾಡಲಾರದು. ಮೇಲಿನದೂ ಕೆಳಗಿನದೂ ಸೇರಿ ತಡೆಯಬೇಕು. ಅವೆರಡರ ನಡುವೆ 120 ಮಿ.ಮೀ. ಅಂತರ. 7200ನ್ನು 120ರಿಂದ ಭಾಗಿಸಿದರೆ 60. ಅಂದರೆ ಮೇಲಿನ ಬೋಲ್ಟನ್ನು ಒಂದು ಕಡೆಗೆ, ಕೆಳಗಿನದನ್ನು ಇನ್ನೊಂದು ಕಡೆಗೆ 60 ಕಿಲೋನ್ಯೂಟನ್ ಅಡ್ಡ ಎಳೆಯುತ್ತದೆ. ಜೊತೆಗೆ ಪ್ರತಿ ಬೋಲ್ಟಿಗೂ ಕೆಳಮುಖವಾಗಿ 40. ಅಡ್ಡ 60, ನೇರ 40. ಶಾಲೆಯ ಪೈಥಾಗೊರಸ್ ಪ್ರಮೇಯ ಹಾಕಿ, 72 ಬರುತ್ತದೆ. ಬೋಲ್ಟು ತಡೆಯುವುದು 45. 72 ಭಾಗಿಸು 45. ಅದೇ ಕೆಂಪು ಅಂಕಿ.

ಕಂಪ್ಯೂಟರಿನ ಒಳಗಿದ್ದ ಬ್ರಹ್ಮವಿದ್ಯೆ ಇಷ್ಟೇ ಕಣಯ್ಯ, ಅಂದೆ. ಹುಡುಗನಿಗೆ ನಗು ಬಂತು. ಹಳ್ಳಿಯ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದಾದ ಲೆಕ್ಕ. ಅದಕ್ಕೆ ಎಕ್ಸೆಂಟ್ರಿಸಿಟಿ ಅಂತ ಹೆಸರಿಟ್ಟು ದೊಡ್ಡ ಬೀಗ ಹಾಕಿದ್ದಾರೆ.

ಈಗ ಇದನ್ನು ಸರಿ ಮಾಡುವುದು ಹೇಗೆ? ಇನ್ನೊಂದು ಬೋಲ್ಟು ಹಾಕಿ ನೋಡಿದೆವು. ನಾಲ್ಕಾದವು, 1.04, ಇನ್ನೂ ಕೆಂಪು. ಅದೂ ಅಲ್ಲದೆ ನಾಲ್ಕು ಬೋಲ್ಟಿಗೆ ಪ್ಲೇಟು 260 ಉದ್ದ ಬೇಕು. 300ರ ತೊಲೆಯಲ್ಲಿ ಮೇಲಿನ ಕೆಳಗಿನ ಪಟ್ಟಿ, ಮೂಲೆಯ ಬಳುಕು ಕಳೆದರೆ ಚಪ್ಪಟೆ ಜಾಗ ಅಷ್ಟು ಉಳಿಯುವುದಿಲ್ಲ. ಐದು ಬೋಲ್ಟಿಗಂತೂ 320 ಬೇಕು, ತೊಲೆಗಿಂತ ಪ್ಲೇಟೇ ದೊಡ್ಡದಾಗುತ್ತದೆ. ದಪ್ಪ ಮಾಡಿ 24 ಮಿ.ಮೀ. ಬೋಲ್ಟು ಹಾಕಿದರೆ ಒಂದೊಂದು 65 ತಡೆಯುತ್ತದೆ. ಬೇಕಾದದ್ದು 72. ಕೊನೆಗೆ ದಪ್ಪ ಅಷ್ಟೇ ಇಟ್ಟು ದರ್ಜೆ ಬದಲಾಯಿಸಿದೆವು. 8.8 ದರ್ಜೆಯ ಬೋಲ್ಟು 90 ತಡೆಯುತ್ತದೆ. ಬೋಲ್ಟು ಹಸಿರಾಯಿತು.

ಅಲ್ಲಿಗೆ ಮುಗಿಯಲಿಲ್ಲ. ಬೋಲ್ಟು ಗಟ್ಟಿಯಾದರೆ ಅದು ಕೂತಿರುವ ತೂತಿನ ಅಂಚು ಜಜ್ಜುತ್ತದೆ. ತೊಲೆಯ ನಡುಪಟ್ಟಿ ಏಳೂವರೆ ಮಿ.ಮೀ. ದಪ್ಪ. ಲೆಕ್ಕ ಹಾಕಿದರೆ ತೂತಿನ ಅಂಚು ತಡೆಯುವುದು ಸುಮಾರು 74, ಬರುವುದು 72. ಅನುಪಾತ 0.97. ಪಾಸು, ಆದರೆ ಕೂದಲೆಳೆಯಲ್ಲಿ. ಒಂದು ಕಡೆ ಬಲ ಕೊಟ್ಟರೆ ದೌರ್ಬಲ್ಯ ಪಕ್ಕಕ್ಕೆ ಸರಿದು ಕೂರುತ್ತದೆ. ಅದು ಎಲ್ಲಿಗೆ ಸರಿಯಿತು ಎಂದು ಹಿಂಬಾಲಿಸಿಕೊಂಡು ಹೋಗುವುದೇ ನಮ್ಮ ಕೆಲಸ.

*

ಆದರೆ ಕೆಂಪನ್ನು ಹಸಿರು ಮಾಡಲು ಸುಲಭದ ದಾರಿಗಳೂ ಇವೆ. ಓದುವ ವಿದ್ಯಾರ್ಥಿಗಳಿಗೆ ಇವು ಗೊತ್ತಿರಲಿ, ನಾಳೆ ನಿಮ್ಮ ಕೈಲೂ ಮಾಡಿಸಲು ಬರುತ್ತಾರೆ.

ತಿರುಚುವ ದೂರ 60 ಇರುವ ಕಡೆ ಸೊನ್ನೆ ಬರೆಯಬಹುದು. ಬೇಡದ ತಪಾಸಣೆಯ ಮುಂದಿನ ಗುರುತು ತೆಗೆದು ಅದನ್ನು ಬಾಯಿ ಮುಚ್ಚಿಸಬಹುದು. ಭಾರವನ್ನೇ ಇಳಿಸಿ ಬರೆಯಬಹುದು. ಬಿಗಿಯಾಗಿ ಹಿಡಿದಿದೆ ಎಂದು ತೋರಿಸಿದ ತೊಲೆಯ ತುದಿಯನ್ನು ಕೀಲಿನ ಹಾಗೆ ತಿರುಗುತ್ತದೆ ಎಂದು ಒಂದು ಒತ್ತಿನಲ್ಲಿ ಬದಲಾಯಿಸಬಹುದು. ಈ ಕೊನೆಯದು ಯಾವಾಗಲೂ ಮೋಸವಲ್ಲ. ಜೋಡಣೆ ನಿಜವಾಗಿ ತಿರುಗುವಂಥದ್ದಾದರೆ ಹಾಗೆ ತೋರಿಸುವುದೇ ಸರಿ. ಆದರೆ ತುದಿಯಿಂದ ತೆಗೆದ ಬಾಗು ಗಾಳಿಗೆ ಹಾರಿಹೋಗುವುದಿಲ್ಲ, ತೊಲೆಯ ನಡುವಿಗೆ ಹೋಗುತ್ತದೆ. ಉದ್ದಕ್ಕೂ ಸಮನಾಗಿ ಭಾರ ಹೊತ್ತ ತೊಲೆಯ ಎರಡು ತುದಿಯನ್ನೂ ಬಿಗಿಯಿಂದ ಕೀಲಿಗೆ ಬದಲಾಯಿಸಿದರೆ ನಡುವಿನ ಬಾಗು ಮೂರು ಪಟ್ಟಾಗುತ್ತದೆ. ಇಡೀ ಕಟ್ಟಡದ ಲೆಕ್ಕವನ್ನು ಮತ್ತೆ ಓಡಿಸದೆ ಜೋಡಣೆಯೊಂದನ್ನೇ ಹಸಿರು ಮಾಡಿಕೊಂಡವನು ರೋಗವನ್ನು ಪಕ್ಕದ ಮನೆಗೆ ದಾಟಿಸಿದ ಹಾಗೆ.

ಆ ಗೋದಾಮಿನ ವಿಷಯದಲ್ಲೂ ಇದೇ ಆಯಿತು. 4.6ರ ಬೋಲ್ಟುಗಳನ್ನು ಆಗಲೇ ಕೊಂಡು ಚೀಲಗಳಲ್ಲಿ ಸೈಟಿಗೆ ಇಳಿಸಿಯಾಗಿತ್ತು. ಡ್ರಾಯಿಂಗು ಸಂಜೆಯೊಳಗೆ ಹೋಗಬೇಕಿತ್ತು. ಮೇಲಿನವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

“ಅದು ಸಾಫ್ಟ್‌ವೇರ್ ಅತಿ ಮಾಡುತ್ತೆ ಕಣಯ್ಯ. ಎಕ್ಸೆಂಟ್ರಿಸಿಟಿ ಸೊನ್ನೆ ಹಾಕಿ ಮುಗಿಸು.”

“ಹಾಕ್ತೀನಿ ಸಾರ್. ಸೊನ್ನೆ ಅಂತ ತಗೊಂಡಿದ್ದೀವಿ ಅಂತ ಶೀಟಿನಲ್ಲಿ ಒಂದು ಸಾಲು ಬರೀತೀನಿ. ಅದರ ಕೆಳಗೆ ನೀವೊಂದು ಸಹಿ ಹಾಕಿಬಿಡಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನ್ನ ಕೈ ಲೆಕ್ಕ ಎಲ್ಲಿ, ಕೊಡು” ಅಂದರು. ಕೊಟ್ಟೆ. ಒಂದೇ ಹಾಳೆ. ಅದನ್ನು ಎರಡು ಸಲ ಓದಿದರು. ಲೆಕ್ಕ ಬಲ್ಲವರು ಅವರು, ನನಗಿಂತ ಚೆನ್ನಾಗಿ ಬಲ್ಲವರು. ಸಹಿ ಹಾಕಲಿಲ್ಲ. ಸಂಜೆಗೆ ಬೋಲ್ಟು ಬದಲಾಯಿಸುವ ಪತ್ರ ಹೋಯಿತು. ಇಡೀ ಅಟ್ಟಕ್ಕೆ ಬೇಕಾಗಿದ್ದ ಬೋಲ್ಟು 192. ಗೋದಾಮಿನ ಒಟ್ಟು ಖರ್ಚಿನಲ್ಲಿ ಅದು ಉಪ್ಪಿನಕಾಯಿಗೆ ಹಾಕಿದ ಉಪ್ಪಿನಷ್ಟೂ ಅಲ್ಲ. ಆ ವರ್ಷ ನನಗೆ ಸಂಬಳ ಏರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗೆಳೆಯರೆ, ಇದನ್ನು ನನ್ನ ಬಡಾಯಿಗೆ ಹೇಳುತ್ತಿಲ್ಲ. ಬಾಯಿಮಾತಿನಲ್ಲಿ ಹೇಳಿದ ಸೊನ್ನೆ ಕಾಗದದ ಮೇಲೆ ಹೆಸರಿನ ಜೊತೆ ಕೂರಲು ಹೆದರುತ್ತದೆ ಎಂಬುದನ್ನು ತೋರಿಸಲು ಹೇಳಿದೆ. ಕೆಳಗಿನ ಕುರ್ಚಿಯಲ್ಲಿ ಕೂತವನ ಕೈಲಿರುವ ಆಯುಧ ಇದೊಂದೇ. ಬರೆದು ಸಹಿ ಹಾಕಿ ಅನ್ನುವುದು.

*

ಕಂಪ್ಯೂಟರ್ ಹಸಿರು ತೋರಿಸಿದರೆ ಎಲ್ಲ ಸರಿ ಎಂದು ನಂಬುವವರು ಅಮೆರಿಕದ ಹಾರ್ಟ್‌ಫರ್ಡ್ ಊರಿನ ಕತೆ ಕೇಳಬೇಕು. ಅಲ್ಲೊಂದು ದೊಡ್ಡ ಕ್ರೀಡಾಂಗಣ. ಅದರ ಮಾಡು 300 ಅಡಿ ಅಗಲ, 360 ಅಡಿ ಉದ್ದ, ಉಕ್ಕಿನ ಕಡ್ಡಿಗಳನ್ನು ಜಾಲದಂತೆ ಹೆಣೆದದ್ದು. ಆ ಕಾಲಕ್ಕೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದ್ದು ಒಂದು ಹೆಮ್ಮೆ. ಕಟ್ಟುವಾಗಲೇ ಮಾಡು ಲೆಕ್ಕ ಹೇಳಿದ್ದಕ್ಕಿಂತ ಎರಡು ಪಟ್ಟು ಜೋತಿತ್ತು. ಅಂಚಿಗೆ ಕೂರಿಸಬೇಕಿದ್ದ ಫಲಕಗಳು ಕೂರಲಿಲ್ಲ. ಸೈಟಿನವರು ಅಳೆದು ಹೇಳಿದರು. ಲೆಕ್ಕಕ್ಕೂ ವಾಸ್ತವಕ್ಕೂ ಇಷ್ಟು ವ್ಯತ್ಯಾಸ ಇರುವುದೇ ಎಂಬ ಉತ್ತರ ಬಂತು. 1978ರ ಜನವರಿ 18ರ ನಸುಕಿನಲ್ಲಿ, ಹಿಮದ ಭಾರಕ್ಕೆ, ಇಡೀ ಮಾಡು ನೆಲಕ್ಕೆ ಬಂತು. ಕೆಲವು ಗಂಟೆಗಳ ಹಿಂದೆ ಅದರಡಿಯಲ್ಲಿ ಸುಮಾರು 5000 ಜನ ಬ್ಯಾಸ್ಕೆಟ್‌ಬಾಲ್ ಆಟ ನೋಡಿ ಮನೆಗೆ ಹೋಗಿದ್ದರು. ಬಿದ್ದಾಗ ಒಳಗೆ ಯಾರೂ ಇರಲಿಲ್ಲ.

ತನಿಖೆ ಮಾಡಿದವರು ಏನು ಕಂಡರು? ಮೇಲಿನ ಕಡ್ಡಿಗಳ ನಡುಮಧ್ಯಕ್ಕೆ ಆಸರೆ ಇದೆ ಎಂದು ಕಂಪ್ಯೂಟರಿಗೆ ಹೇಳಲಾಗಿತ್ತು. ಕಟ್ಟಿದ ಜೋಡಣೆಗಳು ಆ ಆಸರೆ ಕೊಡುವಂತಿರಲಿಲ್ಲ. ಕಡ್ಡಿಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ ಎಂಬ ಕಡೆಗಳಲ್ಲಿ ಅವು ಪಕ್ಕಕ್ಕೆ ಸರಿದು ಸೇರಿದ್ದವು. ಕಂಪ್ಯೂಟರ್ ತನಗೆ ಹೇಳಿದ ಕಟ್ಟಡಕ್ಕೆ ಸರಿಯಾಗಿಯೇ ಲೆಕ್ಕ ಮಾಡಿತ್ತು. ನೆಲದ ಮೇಲೆ ಇದ್ದದ್ದು ಬೇರೆ ಕಟ್ಟಡ. ಸೈಟಿನವರು ಕಣ್ಣಾರೆ ಕಂಡದ್ದಕ್ಕಿಂತ ಮುದ್ರಿಸಿ ಬಂದ ಕಾಗದಕ್ಕೆ ಹೆಚ್ಚು ಬೆಲೆ ಸಿಕ್ಕಿತ್ತು.

ಇದಾಗಿ ಮೂರೂವರೆ ವರ್ಷಕ್ಕೆ ಅದೇ ದೇಶದ ಕಾನ್ಸಾಸ್ ಸಿಟಿಯಲ್ಲಿ ಇನ್ನೊಂದು. ಅಲ್ಲಿ ಯಾರೂ ಇಲ್ಲದ ಹೊತ್ತು ಅದಾಗಿರಲಿಲ್ಲ. 1981ರ ಜುಲೈ 17ರ ಸಂಜೆ ಹಯಾಟ್ ರೀಜೆನ್ಸಿ ಹೋಟೆಲಿನ ಹಜಾರದಲ್ಲಿ ನೃತ್ಯ ನಡೆಯುತ್ತಿತ್ತು. ಹಜಾರದ ಮೇಲೆ ಚಾವಣಿಯಿಂದ ಕಬ್ಬಿಣದ ಸರಳುಗಳಲ್ಲಿ ತೂಗುಬಿಟ್ಟ ನಡೆಹಾದಿಗಳಿದ್ದವು, ನಾಲ್ಕನೇ ಮಹಡಿಯ ಮಟ್ಟದಲ್ಲೊಂದು, ಅದರ ನೇರ ಕೆಳಗೆ ಎರಡನೇ ಮಹಡಿಯ ಮಟ್ಟದಲ್ಲೊಂದು. ಎರಡೂ ಒಟ್ಟಿಗೆ ಕಳಚಿ ಜನರ ಮೇಲೆ ಬಿದ್ದವು. 114 ಮಂದಿ ಸತ್ತರು. 200ಕ್ಕೂ ಹೆಚ್ಚು ಮಂದಿಗೆ ಗಾಯ.

ಇದನ್ನು ತಿಳಿಯಲು ಅಡಿಗೆ ಮನೆಯ ನೆಲುವು ನೆನೆಸಿಕೊಳ್ಳಿ. ಒಂದೇ ಉದ್ದ ಹಗ್ಗ ಜಂತೆಯಿಂದ ಇಳಿಬಿಟ್ಟು, ಮೇಲೊಂದು ಗಂಟಿನಲ್ಲಿ ಒಂದು ಮಡಕೆ, ಕೆಳಗಿನ ಗಂಟಿನಲ್ಲಿ ಇನ್ನೊಂದು ಮಡಕೆ ಕೂರಿಸಿದ್ದೀರಿ. ಮೇಲಿನ ಗಂಟು ಹೊರುವುದು ಮೇಲಿನ ಮಡಕೆಯನ್ನು ಮಾತ್ರ. ಈಗ ಹಗ್ಗ ಉದ್ದವಾಯಿತು, ಕಷ್ಟ ಅಂತ ಅದನ್ನು ಕತ್ತರಿಸಿ, ಕೆಳಗಿನ ಮಡಕೆಯ ಹಗ್ಗವನ್ನು ಮೇಲಿನ ಮಡಕೆಯ ಕಂಠಕ್ಕೇ ಕಟ್ಟಿದಿರಿ. ನೋಡುವವರಿಗೆ ವ್ಯತ್ಯಾಸ ಕಾಣದು. ಮೇಲಿನ ಗಂಟಿಗೆ ಮಾತ್ರ ಎರಡು ಮಡಕೆಯ ಭಾರ. ಆ ಹೋಟೆಲಿನಲ್ಲಿ ಆದದ್ದು ಇದೇ. ಮೊದಲ ನಕ್ಷೆಯಲ್ಲಿ ಒಂದೇ ಉದ್ದ ಸರಳು ಎರಡೂ ನಡೆಹಾದಿಗಳನ್ನು ಹಿಡಿದಿತ್ತು. ಅಷ್ಟುದ್ದಕ್ಕೆ ಮರೆ ಕೊರೆದು ನಟ್ಟು ಏರಿಸುವುದು ಕಷ್ಟವೆಂದು ತಯಾರಕರು ಅದನ್ನು ಎರಡು ಸರಳಾಗಿ ಮಾಡಲು ಕೇಳಿದರು. ಮಾಡಿದರು. ಮೇಲಿನ ನಡೆಹಾದಿಯ ತೊಲೆಯಡಿಯ ನಟ್ಟಿಗೆ ಭಾರ ಇಮ್ಮಡಿಯಾಯಿತು. ಎರಡು ಚಾನೆಲ್ ಎದುರುಬದುರು ಬೆಸೆದ ಆ ತೊಲೆಯ ಬೆಸುಗೆಯ ಗೆರೆಯಲ್ಲೇ ತೂತು ಕೊರೆದಿದ್ದರು. ನಟ್ಟು ಅದನ್ನು ಸೀಳಿಕೊಂಡು ಮೇಲೆ ಬಂತು.

ಸರ್ಕಾರಿ ತನಿಖೆ ಇನ್ನೊಂದು ವಿಷಯ ಹೇಳಿತು. ಬದಲಾವಣೆಗೆ ಮೊದಲಿನ ನಕ್ಷೆಯೂ ಆ ಊರಿನ ಕೋಡು ಕೇಳುವ ಬಲದ 60 ಶೇಕಡಾ ಮಾತ್ರ ತಡೆಯುತ್ತಿತ್ತು. ಅಂದರೆ ಆ ಜೋಡಣೆಯನ್ನು ಯಾರೂ ಲೆಕ್ಕವೇ ಮಾಡಿರಲಿಲ್ಲ. ಇಂಜಿನಿಯರರು ತಯಾರಕರು ನೋಡುತ್ತಾರೆ ಅಂದುಕೊಂಡಿದ್ದರು. ತಯಾರಕರು ಇಂಜಿನಿಯರರು ನೋಡಿದ್ದಾರೆ ಅಂದುಕೊಂಡಿದ್ದರು. ಡ್ರಾಯಿಂಗಿನ ಮೇಲೆ ಒಪ್ಪಿಗೆಯ ಮೊಹರು ಮಾತ್ರ ಬಿದ್ದಿತ್ತು. ಆಮೇಲೆ ಹೊಣೆಗಾರ ಇಂಜಿನಿಯರರ ಲೈಸೆನ್ಸನ್ನು ಮಿಸೌರಿ ರಾಜ್ಯ ರದ್ದು ಮಾಡಿತು. ನಾನು ಸಹಿ ಸಹಿ ಅಂತ ಬಡಿದುಕೊಳ್ಳುವುದು ಇದಕ್ಕೆ. ತೊಲೆಗೂ ಕಂಬಕ್ಕೂ ನಡುವೆ ಜೋಡಣೆ ಇದ್ದ ಹಾಗೆ ಒಬ್ಬ ಮನುಷ್ಯನಿಗೂ ಇನ್ನೊಬ್ಬನಿಗೂ ನಡುವೆ ಕೆಲಸ ದಾಟುವ ಒಂದು ಜೋಡಣೆ ಇರುತ್ತದೆ. ಅಲ್ಲೇ ಕೈ ಜಾರುತ್ತದೆ.

ಇನ್ನೂ ಹಳೆಯದೊಂದನ್ನು ಹೇಳಿ ಇತಿಹಾಸ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಕೂಲಿಯವರು. ಕೆನಡಾದ ಕ್ವಿಬೆಕ್ ಬಳಿ ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದ ಸೇತುವೆ. ನಡುವಿನ ಅಗಲವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದರು. ಸೇತುವೆಯ ಸ್ವಂತ ಭಾರವನ್ನು ಸರಿಯಾಗಿ ಮತ್ತೆ ಲೆಕ್ಕ ಮಾಡಲಿಲ್ಲ. 1907ರ ಬೇಸಿಗೆಯಲ್ಲಿ ಕೆಳಗಿನ ದೊಡ್ಡ ಕೈಗಳು ಬಾಗುತ್ತಿರುವುದನ್ನು ಸೈಟಿನ ಕಿರಿಯ ಇಂಜಿನಿಯರ್ ಅಳೆದು ಬರೆದ. ಮೊದಲೇ ಬಾಗಿದ್ದವು ಬಿಡಿ ಎಂದು ತಯಾರಕರು ವಾದಿಸಿದರು. ಕೊನೆಗೆ ಅವನೇ ನ್ಯೂಯಾರ್ಕಿಗೆ ಹೋಗಿ ಹಿರಿಯ ಸಲಹೆಗಾರ ಥಿಯೊಡೋರ್ ಕೂಪರ್ ಎದುರು ನಿಂತ. ಇನ್ನು ಭಾರ ಏರಿಸಬೇಡಿ ಎಂಬ ತಂತಿ ಹೋದದ್ದು ಫೀನಿಕ್ಸ್‌ವಿಲ್‌ನ ಕಂಪನಿಗೆ, ಕೆಲಸ ನಡೆಯುತ್ತಿದ್ದ ಸೇತುವೆಗಲ್ಲ. ಆಗಸ್ಟ್ 29ರ ಸಂಜೆ, ಕೆಲಸ ಬಿಡುವ ಹೊತ್ತಿಗೆ, ಸೇತುವೆ ನದಿಗೆ ಬಿತ್ತು. 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಕಾನವಾಗೆ ಎಂಬ ಒಂದೇ ಹಳ್ಳಿಯ ಮೋಹಾಕ್ ಜನ, ಆ ನೆಲದ ಮೂಲನಿವಾಸಿಗಳು. ಆ ಕೈಗಳ ಪಟ್ಟಿಗಳನ್ನು ಒಟ್ಟಿಗೆ ಹಿಡಿದಿಡಬೇಕಿದ್ದ ಅಡ್ಡಪಟ್ಟಿಗಳೂ ಅವುಗಳ ರಿವೆಟ್ಟುಗಳೂ ಸಾಲದಾಗಿದ್ದವು ಎಂದು ತನಿಖಾ ಆಯೋಗ ಹೇಳಿತು. ಅಲ್ಲಿಯೂ ಮೊದಲು ಕೈಬಿಟ್ಟದ್ದು ಜೋಡಣೆ.

*

ನಮ್ಮ ಐ.ಎಸ್. 800ರಲ್ಲಿ ಒಂದು ಸಣ್ಣ ಕೋಷ್ಟಕವಿದೆ. ವೆಲ್ಡಿಂಗಿನ ಬಲವನ್ನು ಸುರಕ್ಷತೆಗಾಗಿ ಎಷ್ಟರಿಂದ ಭಾಗಿಸಬೇಕು ಎಂದು ಅದು ಹೇಳುತ್ತದೆ. ಕಾರ್ಖಾನೆಯೊಳಗೆ ಮಾಡಿದ ವೆಲ್ಡಿಂಗಿಗೆ 1.25. ಸೈಟಿನಲ್ಲಿ ಮಾಡಿದ್ದಕ್ಕೆ 1.50. ಅದೇ ಕಡ್ಡಿ, ಅದೇ ಉದ್ದ, ಅದೇ ಕುಶಲ ಕೈ. ಆದರೂ ಸೈಟಿನ ಬೆಸುಗೆಯನ್ನು ಆರರಲ್ಲಿ ಒಂದು ಪಾಲು ಕಡಿಮೆ ನಂಬು ಅನ್ನುತ್ತದೆ ಕೋಡು. ಯಾಕೆ? ಕಾರ್ಖಾನೆಯಲ್ಲಿ ಕಬ್ಬಿಣವನ್ನು ಬೇಕಾದ ಹಾಗೆ ತಿರುಗಿಸಿಕೊಂಡು ಬೆಸೆಯಬಹುದು. ಸೈಟಿನಲ್ಲಿ ಅದೇ ಮನುಷ್ಯ ಗಾಳಿಯಲ್ಲಿ, ಬಿಸಿಲಲ್ಲಿ, ಮೂವತ್ತು ಅಡಿ ಮೇಲೆ, ಒಂದು ಕೈಲಿ ಆಸರೆ ಹಿಡಿದು ತಲೆಯೆತ್ತಿ ಬೆಸೆಯಬೇಕು. ನನ್ನ ಪಾಲಿಗೆ ಇದು ಬರೀ ಅಂಕಿಯಲ್ಲ. ಇಡೀ ಪುಸ್ತಕದಲ್ಲಿ ಆ ಮೇಲೆ ಹತ್ತಿದ ಮನುಷ್ಯನ ನೆರಳು ಬಿದ್ದಿರುವ ಜಾಗ ಇದು. ಡ್ರಾಯಿಂಗಿನಲ್ಲಿ ಸೈಟ್ ವೆಲ್ಡ್ ಎಂದು ತೋರಿಸಿ, ಸಾಫ್ಟ್‌ವೇರಿನಲ್ಲಿ ಕಾರ್ಖಾನೆಯ ವೆಲ್ಡ್ ಎಂದು ಒತ್ತಿದವನು ಆ ನೆರಳನ್ನು ಅಳಿಸಿಹಾಕುತ್ತಾನೆ.

ಗೋದಾಮಿನ ಸೈಟಿಗೆ ಹೊಸ ಬೋಲ್ಟು ಬಂದಾಗ ನಾನು ಹೋಗಿದ್ದೆ. ಅಲ್ಲಿದ್ದ ಫಿಟ್ಟರ್ ಬಾಗಲಕೋಟೆ ಕಡೆಯ ಹಿರಿಯರು. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಎರಡು ಬೋಲ್ಟು ಅಂಗೈಯಲ್ಲಿಟ್ಟುಕೊಂಡು ಕೇಳಿದರು.

“ಸಾಹೇಬ್ರ, ಇದರ ತಲಿ ಮ್ಯಾಲ ಎಂಟು ಚುಕ್ಕಿ ಎಂಟು ಐತಿ. ಹಳೇ ಚೀಲದಾಗಿಂದಕ್ಕ ನಾಕು ಚುಕ್ಕಿ ಆರು. ನೋಡಾಕ ಎರಡೂ ಒಂದ ನಮೂನಿ ಅದಾವು. ಏನ್ರಿ ಇದು?”

ನಾನು ಹೇಳಿದೆ. “ಮೊದಲನೇ ಅಂಕಿಗೆ ಎರಡು ಸೊನ್ನೆ ಸೇರಿಸ್ಕೋ ಕಾಕಾ. ಹರಿಯೋದಕ್ಕೆ ಮುಂಚೆ ಒಂದೊಂದು ಚದರ ಮಿಲಿಮೀಟರು ಎಷ್ಟು ನ್ಯೂಟನ್ ತಡೀತದೆ ಅನ್ನೋ ಲೆಕ್ಕ ಅದು. ಇದು 400, ಇದು 800. ಎರಡರಷ್ಟು. ಎರಡನೇ ಅಂಕಿ, ಅದರಲ್ಲಿ ಹತ್ತಕ್ಕೆ ಎಷ್ಟು ಪಾಲು ಬಂದಾಗ ಜಗ್ಗಿ ಹಂಗೇ ಉಳ್ಕೊಂಡ್ಬಿಡ್ತದೆ ಅಂತ.”

“ಇಷ್ಟು ವರ್ಷ ಬಿಗಿದೀನಿ, ಇದನ್ನ ಯಾರೂ ಹೇಳಿರಲಿಲ್ಲ ನೋಡ್ರಿ” ಅಂದರು. ಅಂದವರೇ ಹಳೇ ಚೀಲಗಳ ಬಾಯಿ ಕಟ್ಟಿಸಿ ಬೇರೆ ಕಡೆ ಇಡಿಸಿದರು. ಆಮೇಲೆ ನನಗೊಂದು ಪಾಠ ಹೇಳಿದರು. ಅವರ ಹಿಂದಿನ ಸೈಟೊಂದರಲ್ಲಿ ಬೇರೆ ಯಾರೋ ಬರೆದ ಡ್ರಾಯಿಂಗಿನ ಒಂದು ಜೋಡಣೆಯಲ್ಲಿ, ಓರೆ ಆಸರೆಯ ಪ್ಲೇಟು ಅಡ್ಡ ಬಂದು, ಕೆಳಗಿನ ಬೋಲ್ಟಿಗೆ ಪಾನಾ ಹೋಗುತ್ತಿರಲಿಲ್ಲವಂತೆ. ಕೈಯಲ್ಲಿ ತಿರುವಿದಷ್ಟೇ ಬಂತು, ಬಿಗಿಯಲು ಆಗಲಿಲ್ಲ. ಕಾಕಾ ಹೋಗಿ ಹೇಳಿದರೆ, ಕಂಪ್ಯೂಟರಿನಲ್ಲಿ ಪಾಸಾಗಿದೆ ಅಂದರಂತೆ.

“ನಿಮ್ಮ ಕಂಪ್ಯೂಟರ್‌ನ್ಯಾಗ ಮನಷ್ಯಾನ ಕೈ ಇರತೈತೇನ್ರಿ?” ಎಂದು ಕಾಕಾ ಕೇಳಿದರು.

ಇರುವುದಿಲ್ಲ. ಅದನ್ನು ನಾವು ಸೇರಿಸಬೇಕು. ಅಂದಿನಿಂದ ನಾನು ಯಾವ ಜೋಡಣೆಯನ್ನು ನೋಡಿದರೂ ಅನುಪಾತ ನೋಡಿದ ಮೇಲೆ ಪಾನಾ ಹಿಡಿದ ಒಂದು ಕೈಯನ್ನು ಮನಸ್ಸಿನಲ್ಲೇ ಅಲ್ಲಿಟ್ಟು ತಿರುಗಿಸಿ ನೋಡುತ್ತೇನೆ.

*

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಕೆಂಪು ಬಂದರೆ ಗಾಬರಿ ಬೇಡ, ಕೋಪವೂ ಬೇಡ. ಮೊದಲು ಯಾವುದು ಸೋತಿತು ಎಂದು ಓದಿ. ಬೋಲ್ಟು ಕತ್ತರಿಸಿತೋ, ತೂತಿನ ಅಂಚು ಜಜ್ಜಿತೋ, ಪ್ಲೇಟು ಹರಿಯಿತೋ, ಬೆಸುಗೆ ಬಿಟ್ಟಿತೋ? ಒಂದೊಂದಕ್ಕೂ ಮದ್ದು ಬೇರೆ. ಪ್ಲೇಟು ದಪ್ಪ ಮಾಡಿದರೆ ಬೋಲ್ಟು ಗಟ್ಟಿಯಾಗುವುದಿಲ್ಲ.

ಆಮೇಲೆ ಬಲ ಎಲ್ಲಿಂದ ಬಂತು ಕೇಳಿ. ಗಾಳಿ ಬೀಸಿದ ಹೊತ್ತಿನ ಎಳೆತವನ್ನೂ ಸಾಮಾನು ತುಂಬಿದ ಹೊತ್ತಿನ ಭಾರವನ್ನೂ, ಎರಡು ಬೇರೆ ಬೇರೆ ಹೊತ್ತಿನ ಹೆಚ್ಚಿನ ಅಂಕಿಗಳನ್ನು ಒಟ್ಟಿಗೆ ಹೇರಿ ಸಾಫ್ಟ್‌ವೇರ್ ಕೆಂಪು ತೋರಿಸುವುದೂ ಉಂಟು. ಆಗ ಕೆಂಪು ಸುಳ್ಳಿರಬಹುದು. ಒಂದೊಂದು ಹೊತ್ತನ್ನು ಬೇರೆಯಾಗಿ ನೋಡಿ ಅದನ್ನು ರುಜುವಾತು ಮಾಡಿ, ಊಹೆ ಮಾಡಬೇಡಿ. ಅಳತೆಯ ಮಾನ ನೋಡಿ. ಟನ್ನಿನ ಜಾಗದಲ್ಲಿ ಕಿಲೋನ್ಯೂಟನ್ ಬಿದ್ದರೆ ಹತ್ತು ಪಟ್ಟು ವ್ಯತ್ಯಾಸ. ಮಾದರಿಯಲ್ಲಿ ಬಿಗಿ ಎಂದದ್ದು ಡ್ರಾಯಿಂಗಿನಲ್ಲೂ ಬಿಗಿಯಾಗಿದೆಯೋ ನೋಡಿ.

ಹಸಿರನ್ನೂ ಹೀಗೆಯೇ ಪ್ರಶ್ನೆ ಮಾಡಿ. ಯಾವ ತಪಾಸಣೆಯ ಗುರುತನ್ನು ಯಾರು ತೆಗೆದಿದ್ದಾರೆ? ಎಲ್ಲಿ ಸೊನ್ನೆ ಬರೆದಿದ್ದಾರೆ? ಸೈಟಿನಲ್ಲಿ ಒಂದು ಸರಳು ಎರಡಾದರೆ ಆ ಸುದ್ದಿ ನಿಮ್ಮ ಮೇಜಿಗೆ ಬರುತ್ತದೆಯೇ?

ಕಲಿಯಲು ದುಬಾರಿ ಸಾಫ್ಟ್‌ವೇರ್ ಇಲ್ಲವೆಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ. ಮುಂಬಯಿಯ ಐ.ಐ.ಟಿ.ಯಲ್ಲಿ ಐ.ಎಸ್. 800ರ ಪ್ರಕಾರ ಜೋಡಣೆಗಳ ಲೆಕ್ಕ ಮಾಡುವ ಆಸ್‌ಡ್ಯಾಗ್ ಎಂಬುದನ್ನು ಬೆಳೆಸಿದ್ದಾರೆ. ಅದಕ್ಕೆ ಕಾಸು ಕೊಡಬೇಕಿಲ್ಲ, ಅದರ ಒಳಗಿನ ಬರವಣಿಗೆಯನ್ನೂ ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಮೇಲೆ ಹೇಳಿದ ಮೂರು ಬೋಲ್ಟನ್ನು ಮೊದಲು ಕೈಯಲ್ಲಿ ಲೆಕ್ಕ ಮಾಡಿ, ಆಮೇಲೆ ಅದರಲ್ಲಿ ಹಾಕಿ ನೋಡಿ. ಎರಡು ಉತ್ತರ ಹತ್ತಿರ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಹುಡುಕುವುದರಲ್ಲೇ ಅರ್ಧ ವಿದ್ಯೆ ಇದೆ.

ಮೇಷ್ಟ್ರುಗಳಿಗೂ ಒಂದು ಮಾತು. ಪೈಥಾಗೊರಸ್ ಪ್ರಮೇಯ ಪಾಠ ಮಾಡುವ ದಿನ ಬರೀ ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಕೊಡಬೇಡಿ. ಅಡ್ಡ 60, ನೇರ 40 ಎಳೆತ ಬಿದ್ದ ಬೋಲ್ಟಿನ ಲೆಕ್ಕವನ್ನೂ ಕೊಡಿ. ನಿಮ್ಮ ಕ್ಲಾಸಿನ ಮಕ್ಕಳ ಅಪ್ಪಂದಿರು, ಅಣ್ಣಂದಿರು ಎಷ್ಟೋ ಮಂದಿ ಈ ಹೊತ್ತು ಯಾವುದೋ ಊರಿನ ಯಾವುದೋ ತೊಲೆಯ ಮೇಲೆ ಕೂತು ಬೋಲ್ಟು ಬಿಗಿಯುತ್ತಿರುತ್ತಾರೆ. ಆ ಬೋಲ್ಟು ಅವರನ್ನು ಹಿಡಿಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ನೋಡುವುದು ಆ ಮಕ್ಕಳಿಗೆ ಬರಲಿ.